ಪಲ್ಲಕ್ಕಿಯಿಂದ ಪಡಸಾಲೆಗೆ

ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ, ತಲೆತಲಾಂತರದಿಂದ ಮರಕ್ಕೆ ರೂಪವನ್ನೂ ರೂಪಕ್ಕೆ ಬಣ್ಣವನ್ನೂ ಕೊಡುತ್ತ ಬಂದಿರುವ ಚಿತ್ರಗಾರರ ಹಿರಿಯರ ಮನೆಯೊಂದರಲ್ಲಿ, ಹಳೆಯ ಕಾಗದದ ಮೇಲೆ ರೇಖೆಗಳಲ್ಲಿ ಇಳಿಸಿಕೊಂಡ ಚಿತ್ರಪ್ರತಿಗಳು ದೊರೆತವೆಂಬ ಸಂಗತಿಯನ್ನು ಕರಕುಶಲಕಲೆಗಳನ್ನು ಕುರಿತ ಬರಹಗಳು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಆದರೆ ಮೊದಲ ಸಲ ಅದನ್ನು ಓದಿದಂದು ಆ ವಾಕ್ಯವನ್ನು ದಾಟಿ ಮುಂದಿನ ಪುಟಕ್ಕೆ ಹೋಗುವುದು ನನ್ನಿಂದಾಗಲಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳನ್ನು ಬರೆದವರೂ ಅಲ್ಲಿನ ಮರದ ತೇರಿನ ಸೂಕ್ಷ್ಮ ಕೆತ್ತನೆಯನ್ನು ಮಾಡಿದವರೂ ಈಗಿನ ಕಿನ್ನಾಳದವರ ಪೂರ್ವಿಕರೇ ಎಂಬುದು ಈ ಸೀಮೆಯ ಬಹುಕಾಲದ ನಂಬಿಕೆ. ಆ ಕಾಗದಗಳು ನಂಬಿಕೆಗೆ ಆಧಾರವಾಗಿ ಬಂದುವು.

ನನಗೆ ಆ ಕ್ಷಣದಲ್ಲಿ ನೆನಪಾದುದು ದೇವಾಲಯವಲ್ಲ, ಯಲಬುರ್ಗಾ ತಾಲ್ಲೂಕಿನ ನಮ್ಮ ಹಳೆಯ ಮನೆಯ ಪಡಸಾಲೆ. ಅಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ, ಬೇವಿನ ತೊಲೆಗೆ ಬಿಗಿದ ಕಬ್ಬಿಣದ ಕೊಂಡಿಗಳಿಂದ ಬಣ್ಣದ ತೊಟ್ಟಿಲೊಂದು ತೂಗುತ್ತಿತ್ತು. ಗೋಡೆಯಲ್ಲಿ ಗಿಳಿಯ ಮೂತಿಯ ಗೂಟಗಳಿದ್ದುವು. ನಾಗೊಂದಿಗೆಯ ಮೇಲೆ ಹಿತ್ತಾಳೆಯ ಪಾತ್ರೆಗಳು ಸಾಲಾಗಿ ಕುಳಿತಿದ್ದುವು. ಮದುವೆ ಮುಂಜಿಗಳಂದು ಮಾತ್ರ ಅಟ್ಟದಿಂದ ಇಳಿಯುವ ಎರಡು ಚಿತ್ತಾರದ ಮಣೆಗಳಿದ್ದುವು. ಆ ತೊಟ್ಟಿಲಿನ ನಾಲ್ಕು ಮೂಲೆಗಳ ಕಂಬಗಳೂ ಅಂಚಿನ ಬಳ್ಳಿಯೂ ದೇವರ ಪಲ್ಲಕ್ಕಿಯ ಕಂಬ ಮತ್ತು ಬಳ್ಳಿಯಂತೆಯೇ ಏಕೆ ಇದ್ದುವೆಂದು ಬಾಲ್ಯದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ಕಿನ್ನಾಳದ ಕಾಗದಗಳ ಸುದ್ದಿಯನ್ನೋದಿದ ಮೇಲೆ ಕೇಳಬೇಕೆನಿಸಿತು. ಅಷ್ಟರಲ್ಲಿ ಹೇಳಬೇಕಾದವರು ಇರಲಿಲ್ಲ.

ವಿರೂಪಾಕ್ಷನ ರಂಗಮಂಟಪವನ್ನು ಕೃಷ್ಣದೇವರಾಯನು 1510ರ ಸುಮಾರಿಗೆ, ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂಬುದಕ್ಕೆ ಶಾಸನದ ಸಾಕ್ಷ್ಯವಿದೆ. ಅದರ ಚಾವಣಿಯನ್ನು ತಲೆಯೆತ್ತಿ ನೋಡಿದವನಿಗೆ ಗಿರಿಜಾಕಲ್ಯಾಣ, ಮತ್ಸ್ಯಯಂತ್ರವನ್ನು ಭೇದಿಸುತ್ತಿರುವ ಅರ್ಜುನ, ಶಿವನತ್ತ ಹೂಬಾಣ ಹೂಡಿದ ಮನ್ಮಥ, ದಶಾವತಾರಗಳು, ಇವೆಲ್ಲಕ್ಕೂ ಮಿಗಿಲಾಗಿ ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಹೊತ್ತು ಸಾಗುವ ದೀರ್ಘವಾದ ಮೆರವಣಿಗೆ ಕಾಣಿಸುವುವು. ಈ ಚಿತ್ರಗಳ ಕಾಲದ ವಿಷಯದಲ್ಲಿ ಪಂಡಿತರೊಳಗೆ ಜಗಳವುಂಟು. ಮಂಟಪದೊಡನೆಯೇ ಚಿತ್ರಗಳೂ ಹುಟ್ಟಿದುವೆಂದು ಹಿಂದಿನವರು ಬರೆದರು. ಇಲ್ಲ, ಇವು ವಿಜಯನಗರವು ಹಾಳಾಗಿ ಎಷ್ಟೋ ಕಾಲವಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದ ಸಮಯದಲ್ಲಿ ಬರೆದವು ಎಂದು ಅನಂತರದ ಕೆಲವು ಕಲಾಚರಿತ್ರಕಾರರು ವಾದಿಸಿದರು. ಈ ಎರಡನೆಯ ವಾದವನ್ನು ಕೇಳಿದ ನಮ್ಮವರಲ್ಲಿ ಅನೇಕರಿಗೆ, ಯಾರೋ ಪೂರ್ವಿಕರ ಆಸ್ತಿಯನ್ನು ಕಸಿದುಕೊಂಡಂತೆ ಸಂಕಟವಾಗುವುದನ್ನು ನಾನು ಕಂಡಿದ್ದೇನೆ.

ನನಗೆ ಮಾತ್ರ ಇದರಲ್ಲಿ ಕಿನ್ನಾಳಕ್ಕೆ ನಷ್ಟವೇನೂ ತೋರುವುದಿಲ್ಲ. ಚಿತ್ರಗಳು ಐದು ಶತಮಾನಗಳಷ್ಟು ಹಿಂದಿನವಾದರೆ, ಅವುಗಳನ್ನು ಬರೆದ ಕೈಗೂ ಇಂದಿನ ಕಿನ್ನಾಳದ ಕೈಗೂ ನಡುವೆ ಒಂದು ಸಾಮ್ರಾಜ್ಯದ ಪತನವೂ ಎಷ್ಟೋ ದೊರೆತನಗಳ ಏಳುಬೀಳುಗಳೂ ನಿಲ್ಲುತ್ತವೆ. ಅಷ್ಟು ದೂರದ ಸಂಬಂಧವನ್ನು ಒಂದು ಕಟ್ಟು ಕಾಗದದ ಬಲದಿಂದ ಸಾಧಿಸುವುದು ಕಠಿಣ. ಚಿತ್ರಗಳು ಹತ್ತೊಂಬತ್ತನೆಯ ಶತಮಾನದವಾದರೋ, ಅಜ್ಜನ ಅಜ್ಜನು ಬಳಸಿದ ಪ್ರತಿಯನ್ನು ಮೊಮ್ಮಗನ ಮೊಮ್ಮಗನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವುದು ನಮ್ಮ ಮನೆಗಳ ಸಹಜ ಸಂಗತಿಯೇ ಆಗುತ್ತದೆ. ರೇಖೆಯುದ್ದಕ್ಕೂ ಕಾಗದಕ್ಕೆ ಸೂಜಿಯಿಂದ ಚುಚ್ಚಿ, ಆ ರಂಧ್ರಗಳ ಮೇಲೆ ಇದ್ದಿಲಪುಡಿಯ ಗಂಟನ್ನು ತಟ್ಟಿ, ಕೆಳಗಿನ ಗೋಡೆಗೋ ಹಲಗೆಗೋ ಚಿತ್ರವನ್ನು ಇಳಿಸುವುದು ಭಾರತದ ಚಿತ್ರಗಾರರ ಹಳೆಯ ಪದ್ಧತಿ. ಹಾಗೆ ಬಳಸುವ ಪ್ರತಿಯು ದೇವಾಲಯದ ಚಾವಣಿಗೂ ಆದೀತು, ತೊಟ್ಟಿಲಿನ ಹಲಗೆಗೂ ಆದೀತು. ನನ್ನ ಊಹೆಗೆ ಇಲ್ಲಿಯೇ ಬುಡವಿದೆ: ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯನ್ನು ಬರೆಯಬಲ್ಲ ಕೈ, ಉತ್ಸವಮೂರ್ತಿಗೆ ಮರದ ಪಲ್ಲಕ್ಕಿಯನ್ನು ಅಲಂಕರಿಸಿತು; ದೇವರ ಕೆಲಸವಿಲ್ಲದ ತಿಂಗಳುಗಳಲ್ಲಿ ಅದೇ ಕೈ ಅದೇ ಬಳ್ಳಿಯನ್ನು ಗೃಹಸ್ಥನ ತೊಟ್ಟಿಲಿಗೂ ಮಣೆಗೂ ಇಳಿಸಿತು. ಪೀಠೋಪಕರಣವೆಂದು ನಾವು ದಿನವೂ ಬಳಸುವ ಪದದೊಳಗೆ ಪೀಠವೆಂಬುದು ಇನ್ನೂ ಕುಳಿತಿದೆಯಲ್ಲವೆ!

ಪಲ್ಲಕ್ಕಿಯೆಂಬುದು ಈ ನಾಡಿನ ಕಣ್ಣಿಗೆ ಎಷ್ಟು ಒಗ್ಗಿದ ಆಕಾರವೆಂದರೆ, ಕೊಪ್ಪಳದ ಬೆಟ್ಟದ ಮೇಲೆ ಎರಡು ಬಂಡೆಗಳ ಮೇಲೊಂದು ಹಾಸುಬಂಡೆ ನಿಂತ ಎಡೆಯನ್ನು ಜನರು ಪಲ್ಕಿಗುಂಡು ಎಂದೇ ಕರೆದರು. 1931ರಲ್ಲಿ ಅಶೋಕನ ಶಾಸನವು ಬೆಳಕಿಗೆ ಬಂದ ಮೇಲೆ ಲೋಕವೆಲ್ಲ ಅದನ್ನು ಶಾಸನದಿಂದ ಗುರುತಿಸಿತು. ಅದಕ್ಕೂ ಮುಂಚೆ ದನಕಾಯುವವರು ಆ ಕಲ್ಲಿನಲ್ಲಿ ಪಲ್ಲಕ್ಕಿಯನ್ನು ಕಂಡಿದ್ದರು. ಗಂಗಾವತಿಯ ಕಡೆಯವರು, ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆನ್ನುತ್ತಾರೆ. ಆ ಕನಕಗಿರಿಯ ಕನಕಾಚಲಪತಿಯ ಗುಡಿಯಲ್ಲಿ ಕಲ್ಲಿನ ಮೂರ್ತಿಗಳೊಡನೆ ಮರದ ಮೂರ್ತಿಗಳೂ ನಿಂತಿವೆ. ಕಲ್ಲಿನ ಸೀಮೆಯೆಂದು ನಮ್ಮನ್ನು ಹೊರಗಿನವರು ಬಲ್ಲರು. ಆದರೆ ಮರದ ಮೇಲಣ ಆಸೆಯೂ ಇಲ್ಲಿ ಕಡಮೆಯದಾಗಿರಲಿಲ್ಲ.

ಕಿನ್ನಾಳದ ಕೆಲಸದ ಕ್ರಮವನ್ನು ಒಮ್ಮೆ ಕುಳಿತು ನೋಡಿದವನು ಅದನ್ನು ಮರೆಯಲಾರ. ಅವರು ಬಳಸುವುದು ಪೊಳಕಿಯೆಂಬ ಹಗುರವಾದ, ಮೆತ್ತನೆಯ ಮರ. ಕೃಷ್ಣಾತೀರದ ಕೊಂಡಪಲ್ಲಿಯ ಬೊಂಬೆಗಾರರ ತೆಲ್ಲ ಪೊಣಿಕಿಗೂ ಇದಕ್ಕೂ ಹೆಸರಿನಲ್ಲಿಯೂ ಗುಣದಲ್ಲಿಯೂ ನೆರೆಹೊರೆತನವಿದೆ. ಒಂದೇ ದಿಮ್ಮಿಯಿಂದ ಇಡೀ ಮೂರ್ತಿಯನ್ನು ತೆಗೆಯದೆ, ಅಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ ಕೂಡಿಸುತ್ತಾರೆ: ಗರುಡನಿಗೆ 12 ಭಾಗಗಳು, ಸಿಂಹಾಸನದ ಮೇಲೆ ಕುಳಿತ ಗಣಪತಿಗೆ 22. ಕೂಡಿಸುವ ಅಂಟು ಹುಣಸೆಬೀಜದ್ದು. ಗೋಣಿತಾಟನ್ನು ನೆನೆಸಿ, ಚೂರುಮಾಡಿ, ಒಣಗಿಸಿ, ಪುಡಿಗೈದು, ಮರದ ಹೊಟ್ಟಿನೊಡನೆ ಆ ಹುಣಸೆಯ ಸರಿಯಲ್ಲಿ ಕಲಸಿದರೆ ಕಿಟ್ಟವಾಗುತ್ತದೆ; ಕಿಟ್ಟವನ್ನು ಮೈಯೆಲ್ಲ ಕೈಯಿಂದ ಸವರಿ, ಸಂದುಗಳನ್ನು ಮುಚ್ಚಿ, ಅದರ ಮೇಲೆ ಅರಳೆಯ ಚಿಕ್ಕ ಚಿಕ್ಕ ತುಣುಕುಗಳನ್ನು ಅಂಟಿಸಿ, ಮತ್ತೆ ಹರಳುಕಲ್ಲಿನ ನುಣ್ಣನೆಯ ಹಿಟ್ಟಿನ ಲೇಪವನ್ನು ಕೊಟ್ಟ ಮೇಲೆಯೇ ಬಣ್ಣಕ್ಕೆ ನೆಲೆ ಸಿದ್ಧವಾಗುವುದು. ಆ ಹಿಟ್ಟನ್ನೇ ಅಂಟಿನಲ್ಲಿ ಕಲಸಿ ಆಭರಣಗಳನ್ನು ಉಬ್ಬಾಗಿ ಎತ್ತುತ್ತಾರೆ. ಹುಣಸೆ, ಗೋಣಿ, ಅರಳೆ, ಕಲ್ಲು: ಇವು ನಾಲ್ಕೂ ಮಳೆ ಕಡಮೆಯ ಈ ಎರೆಹೊಲಗಳ, ಮಸಾರಿ ನೆಲಗಳ ಬಡ ವಸ್ತುಗಳು, ಕುಷ್ಟಗಿಯ ಯಾವ ರೈತನ ಅಂಗಳದಲ್ಲಿಯಾದರೂ ಸಿಗತಕ್ಕವು.

ಈ ಬಡತನದ ಮೇಲೆ ಚಿನ್ನದ ಕಾಂತಿಯನ್ನು ತರುವ ವಿದ್ಯೆಗೆ ಲಾಜವಾರ ಎಂದು ಹೆಸರು. ತವರವನ್ನು ಅಂಟಿನೊಡನೆ ಹದಗೊಳಿಸಿ, ಹಚ್ಚಿ, ಉಜ್ಜಿ, ಬೆಳ್ಳಿಯ ಹೊಳಪನ್ನೂ ಹಳದಿಯ ಲೇಪದಿಂದ ಚಿನ್ನದ ಹೊಳಪನ್ನೂ ತರುತ್ತಿದ್ದರು. ಪಾರಸಿಯಲ್ಲಿ ಲಾಜವರ್ದ ಎಂದರೆ ನೀಲಿಯ ರತ್ನಶಿಲೆ. ಆ ಪದವೇ ರೂಪ ಬದಲಿಸಿ ಇಲ್ಲಿ ನೆಲೆಸಿತೆಂದು ನನಗೆ ತೋರುತ್ತದೆ. ಕೊಪ್ಪಳವು ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದುದನ್ನು ನೆನೆದರೆ, ಪಾರಸಿಯ ಮಾತೊಂದು ಚಿತ್ರಗಾರನ ಬಣ್ಣದ ಕರಟದೊಳಕ್ಕೆ ಇಳಿದುದರಲ್ಲಿ ಆಶ್ಚರ್ಯವಿಲ್ಲ.

ಪೊಳಕಿಯು ಭಾರವನ್ನು ಹೊರುವ ಮರವಲ್ಲ. ಆದುದರಿಂದ ಮನುಷ್ಯರು ಕೂಡುವ, ಮಲಗುವ ಸಾಮಾನಿಗೆ ಬಡಿಗೇರರು ಬೇವನ್ನೋ ಜಾಲಿಯನ್ನೋ, ಅನುಕೂಲವಿದ್ದ ಮನೆಯಾದರೆ ಸಾಗವಾನಿಯನ್ನೋ ಬಳಸಿ ಚೌಕಟ್ಟನ್ನು ಕಟ್ಟಿಕೊಡುತ್ತಿದ್ದರು. ಅದಕ್ಕೆ ಬಣ್ಣದ ಜೀವವನ್ನು ತುಂಬುವುದು ಚಿತ್ರಗಾರನ ಪಾಲು. ಚೊಚ್ಚಲ ಹೆರಿಗೆಯಾದ ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ತವರಿನವರು ಕೊಡುವ ತೊಟ್ಟಿಲು ಹೀಗೆ ಎರಡು ಕುಲಗಳ ಕೈದಾಟಿ ಬರುತ್ತಿತ್ತು. ಧಾರವಾಡದ ಕಡೆಯಲ್ಲಿ ಕಲಘಟಗಿಯ ತೊಟ್ಟಿಲಿಗೆ ಇದ್ದ ಕೀರ್ತಿ ದೊಡ್ಡದು, ಅದು ಸಲ್ಲತಕ್ಕುದೇ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಪಡಸಾಲೆಗಳಿಗೆ ಬಣ್ಣದ ತವರೂರು ಕಿನ್ನಾಳವೇ ಆಗಿತ್ತು.

ಈ ಬಣ್ಣದಲ್ಲಿ ನಾನು ಗೌರವಿಸುವ ಗುಣವೊಂದಿದೆ. ಅದು ಮಾಸುತ್ತದೆ. ಮಾಸುವುದರಿಂದಲೇ ಅದು ಮಾಡಿದವನ ಬಳಿಗೆ ಮರಳಿ ಹೋಗಬೇಕಾಗುತ್ತದೆ. ಊರ ದ್ಯಾಮವ್ವನ ಜಾತ್ರೆ ಹತ್ತಿರವಾದಾಗ ಆಕೆಯ ಮರದ ಮೂರ್ತಿಯನ್ನು ಬಣ್ಣಕ್ಕೆ ಕೂಡಿಸಿ, ಚಿತ್ರಗಾರನು ಹೊಸ ಮೈಯನ್ನು ಕೊಟ್ಟ ಬಳಿಕವೇ ದರ್ಶನ ಆರಂಭವಾಗುವಂತೆ, ಮನೆಯ ಮಣೆಯೂ ತೊಟ್ಟಿಲೂ ತಲೆಮಾರಿಗೊಮ್ಮೆ ಕುಂಚದ ಮುಂದೆ ಕುಳಿತು ಏಳುತ್ತಿದ್ದುವು. ದೇವಿಗೂ ಮಗುವಿನ ತೊಟ್ಟಿಲಿಗೂ ಒಂದೇ ಉಪಚಾರ.

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಸೋದರಳಿಯನೊಬ್ಬನು ತನ್ನ ಮನೆಯ ಹಜಾರಕ್ಕಾಗಿ ಚೆರಿ ಮರದ ಬೆಂಚು, ಗಿಡ್ಡ ಮೇಜು, ಪುಸ್ತಕದ ಕಪಾಟುಗಳನ್ನು ರಜೆಯ ದಿನಗಳಲ್ಲಿ ತಾನೇ ಕೈಯಾರೆ ಮಾಡಿಕೊಂಡಿದ್ದಾನೆ. ಆ ದೇಶದ ಪೂರ್ವಭಾಗದ ಅರಣ್ಯಗಳಲ್ಲಿ ಬೆಳೆಯುವ ಆ ಮರವನ್ನು ಕೊಯ್ದಾಗ ತಿಳಿಗೆಂಪಾಗಿರುತ್ತದೆಂದೂ, ಬಣ್ಣ ಹಚ್ಚದೆ ಎಣ್ಣೆಯನ್ನು ಮಾತ್ರ ಸವರಿ ಬಿಟ್ಟರೆ ಬೆಳಕು ಬಿದ್ದಂತೆಲ್ಲ ತಾನಾಗಿಯೇ ಕೆಂಗಂದಾಗುತ್ತ ಹೋಗುತ್ತದೆಂದೂ ಅವನು ಹೇಳಿದನು. ಮೇಜಿನ ಮೇಲೆ ಕೆಲವು ತಿಂಗಳು ಇಟ್ಟಿದ್ದ ಹೂದಾನಿಯನ್ನು ಎತ್ತಿದಾಗ ಅದರಡಿಯಲ್ಲಿ ಮಾತ್ರ ತೆಳುಬಣ್ಣದ ವೃತ್ತವೊಂದು ಉಳಿದಿತ್ತಂತೆ. ಒಂದು ಮರವು ಬಿಸಿಲನ್ನು ಕುಡಿದು ತನ್ನ ಬಣ್ಣವನ್ನು ತಾನೇ ಪಡೆಯುತ್ತದೆ. ಕಿನ್ನಾಳದ ಮರವು ತನ್ನ ಮೈಯನ್ನು ಪೂರ್ತಿಯಾಗಿ ಮರೆಮಾಡಿಕೊಂಡು ಮನುಷ್ಯನ ಕೈಯಿಂದ ಬಣ್ಣವನ್ನು ಪಡೆಯುತ್ತದೆ. ಸೋದರಳಿಯನ ಶ್ರಮವನ್ನು ನಾನು ಮನಸಾರೆ ಮೆಚ್ಚಿದೆನು. ಮೆಚ್ಚುತ್ತಲೇ, ನಮ್ಮ ಮನೆಯ ತೊಟ್ಟಿಲು ಈಗೆಲ್ಲಿದೆ ಎಂದು ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನು ಹುಡುಕಲು ಊರಿಗೆ ಹೋದೆನು.

ಅತ್ತೆಯವರು ಎಂಬತ್ತು ದಾಟಿದವರು. "ತೊಟ್ಟಲಾ? ಬಣ್ಣ ಎಲ್ಲಾ ಉದುರಿತ್ತಪಾ. ಹಳೇ ಸಾಮಾನು ಕೊಳ್ಳಾವ ಒಬ್ಬ ಬಂದಿದ್ದ, ಒಂದು ಸ್ಟೀಲಿನ ಕೊಡಾ ಕೊಟ್ಟು ಒಯ್ದ," ಎಂದರು. ಮಣೆಗಳೇನಾದುವೆಂದು ಕೇಳಿದೆ. "ಒಂದು ಒಲಿಗೆ ಹೋತು. ಇನ್ನೊಂದು ಅಟ್ಟದ ಮ್ಯಾಲೆ ಐತಿ ನೋಡು, ಈಗಿನ ಹುಡುಗೂರು ಕೆಳಗ ಎಲ್ಲಿ ಕೂಡ್ತಾರು?"

ಅವರ ಕೊನೆಯ ಮಾತಿನಲ್ಲಿಯೇ ಈ ಚರಿತ್ರೆಯ ದೊಡ್ಡ ತಿರುವಿದೆ. ಜಹಗೀರು ಹೋದುದು, 1948ರಲ್ಲಿ ನಿಜಾಮನ ಆಳಿಕೆ ಮುಗಿದುದು, 1956ರಲ್ಲಿ ರಾಯಚೂರು ಜಿಲ್ಲೆಯೊಡನೆ ನಾವು ಕನ್ನಡ ರಾಜ್ಯವನ್ನು ಸೇರಿದುದು, 1997ರಲ್ಲಿ ಕೊಪ್ಪಳವೇ ಜಿಲ್ಲೆಯಾದುದು: ಇವಾವುವೂ ಕಿನ್ನಾಳದ ಮಣೆಯನ್ನು ಪಡಸಾಲೆಯಿಂದ ಎಬ್ಬಿಸಲಿಲ್ಲ. ಜನರು ನೆಲದಿಂದ ಮೇಲೆದ್ದು ಸೋಫಾದ ಮೇಲೆ ಕುಳಿತರು, ಪಡಸಾಲೆಯು ಹಾಲ್ ಆಯಿತು, ತೊಲೆಯಿಲ್ಲದ ಸಿಮೆಂಟಿನ ಚಾವಣಿಯಲ್ಲಿ ತೊಟ್ಟಿಲಿಗೆ ಕೊಂಡಿಯೇ ಇಲ್ಲದಾಯಿತು. ಸರ್ಕಾರವು ಕಲೆಯನ್ನು ಮರೆತಿತೆಂದು ಹೇಳಲಾರೆ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು, 1964ರಲ್ಲಿ ರಾಜ್ಯದ ಕರಕುಶಲ ನಿಗಮ ಹುಟ್ಟಿತು, ಕಿನ್ನಾಳದ ಬೊಂಬೆಗಳು ಕಾವೇರಿ ಮಳಿಗೆಗಳನ್ನು ಸೇರಿದುವು, ಮುಂದೆ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದುವು. ಆದರೆ ಆ ಮನ್ನಣೆ ಬಂದುದು ಆಟಿಕೆಗಳೆಂಬ ಹೆಸರಿನಲ್ಲಿ. ಬಳಕೆಯ ವಸ್ತು ಗಾಜಿನ ಕಪಾಟಿನ ಶೋಭೆಯ ವಸ್ತುವಾಯಿತು. ಅದರ ಬಣ್ಣ ಮಾಸುವುದಿಲ್ಲ, ಆದುದರಿಂದ ಅದು ಕಿನ್ನಾಳಕ್ಕೆ ಹಿಂದಿರುಗಿ ಹೋಗುವುದೂ ಇಲ್ಲ. ಇತ್ತೀಚೆಗೆ, 2021ರಲ್ಲಿ, ಇದೇ ಜಿಲ್ಲೆಯ ಭಾನಾಪುರದ ಬಳಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆಯಾಯಿತು. ನಮ್ಮ ಮಕ್ಕಳಿಗೆ ಅಲ್ಲಿ ಉದ್ಯೋಗ ದೊರೆಯಲಿ, ಅದು ಬೆಳೆಯಲಿ. ಕಿಟ್ಟವನ್ನು ಕಲಸಬಲ್ಲ ಕೈಗಳಿಗೆ ಮಾತ್ರ ಅದರಿಂದ ಕೆಲಸ ಹುಟ್ಟಲಾರದೆಂಬುದನ್ನು ನೆನಪಿನಲ್ಲಿಡಬೇಕು.

ಕಿನ್ನಾಳದಲ್ಲಿ ಈಗಲೂ ಕುಂಚ ಹಿಡಿದಿರುವ ಮನೆಗಳಿವೆ. ಉಳಿದ ಆ ಒಂದು ಮಣೆಯನ್ನು ನಾನು ಅಲ್ಲಿಗೆ ಒಯ್ದಾಗ, ಹಿರಿಯ ಚಿತ್ರಗಾರರೊಬ್ಬರು ಅದನ್ನು ತಿರುಗಿಸಿ, ಅಂಚಿನ ಬಳ್ಳಿಯ ಮೇಲೆ ಬೆರಳಾಡಿಸಿ, "ಇದು ನಮ್ಮೂರಿಂದ ಹೋದದ್ದರಿ," ಎಂದರು. ತಳದ ಮರ ಬೇವಿನದು, ಗಟ್ಟಿಯಾಗಿದೆ, ಮೇಲಿನ ಲೇಪವನ್ನು ಮಾತ್ರ ಹೊಸದಾಗಿ ಕೊಡಬೇಕೆಂದರು. ಕೊಟ್ಟರು. ಅದು ಈಗ ನನ್ನ ಹಜಾರದ ಕಿಟಕಿಯ ಬಳಿ ಇದೆ; ಮನೆಗೆ ಬಂದ ಮಕ್ಕಳು ಸೋಫಾವನ್ನು ಬಿಟ್ಟು ಅದರ ಮೇಲೆಯೇ ಕುಳಿತುಕೊಳ್ಳುತ್ತಾರೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅಟ್ಟದ ಮೇಲೆ ಬಣ್ಣ ಉದುರಿದ ಮಣೆಯೋ ತೊಟ್ಟಿಲೋ ಇದ್ದರೆ, ಹಳೆಯ ಸಾಮಾನಿನವನು ಬರುವ ಮುಂಚೆ ಅದನ್ನು ಕಿನ್ನಾಳಕ್ಕೆ ಒಯ್ಯಿರಿ. ಹೊಸ ಮನೆಯನ್ನು ಕಟ್ಟಿಸುವವರು ಹಜಾರದ ಚಾವಣಿಗೆ ಸಿಮೆಂಟು ಸುರಿಯುವ ಮುನ್ನ ಎರಡು ಕಬ್ಬಿಣದ ಕೊಂಡಿಗಳನ್ನು ಇರಿಸಲು ಮೇಸ್ತ್ರಿಗೆ ಹೇಳಿರಿ.