ಸಣ್ಣ ತಕರಾರಿಗೂ ನ್ಯಾಯದ ಬಾಗಿಲು

ಕೋರ್ಟು ಕಛೇರಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು “ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ಹೇಳುವುದುಂಟು. ಹತ್ತು ಸಾವಿರ ರೂಪಾಯಿಯ ನಷ್ಟಕ್ಕೆ ಇಪ್ಪತ್ತು ಸಾವಿರ ಖರ್ಚು ಮಾಡಿ, ವಾಯಿದೆಯಿಂದ ವಾಯಿದೆಗೆ ವರ್ಷಗಟ್ಟಲೆ ಅಲೆದವರ ಅನುಭವ ಆ ಮಾತಿನಲ್ಲಿದೆ. ಆದಕಾರಣ ಸಣ್ಣ ಮೊಬಲಗಿನ ತಕರಾರು ಬಂದರೆ ನಮ್ಮಲ್ಲಿ ಬಹುಮಂದಿ “ಹೋಗಲಿ ಬಿಡಿ” ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವವರಿದ್ದಾರೆಂಬ ಧೈರ್ಯದಿಂದಲೇ ಕೆಟ್ಟ ಸರಕು ಮಾರಾಟವಾಗುತ್ತದೆ. ಆದರೆ ಎಲ್ಲ ತಕರಾರಿಗೂ ಈ ಗಾದೆ ಸಲ್ಲುವುದಿಲ್ಲ. ಸಣ್ಣ ವ್ಯಾಜ್ಯಗಳಿಗೆಂದೇ ಖರ್ಚು ಕಡಿಮೆಯಾದ ದಾರಿಗಳಿವೆ. ಅವುಗಳಲ್ಲಿ ನಡೆಯಲು ನಮ್ಮ ಕೈಯಲ್ಲಿ ಎರಡು ವಸ್ತುಗಳಿರಬೇಕು: ಒಂದು ಕಾಗದ, ಇನ್ನೊಂದು ಕಾಲ.

ನಾನು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಕೋಲಾರ ಚಿನ್ನದ ಗಣಿಯ ಊರಿಗೆ ಹೋಗಿ ಪಾಠ ಹೇಳುವವನು. ನಾನು ಇಳಿಯುವ ರೈಲಿಗೆ ಎದುರಾಗಿ ಮಾರಿಕುಪ್ಪಂನಿಂದ ಬರುವ ರೈಲಿನ ತುಂಬ ಬೆಂಗಳೂರಿಗೆ ದುಡಿಯಲು ಹೋಗುವ ಜನ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಈ ರೈಲಿನ ಮೇಲೆಯೇ ನಿಂತಿದೆ. ದುಡಿಯುವುದು ಬೆಂಗಳೂರಿನಲ್ಲಾದ್ದರಿಂದ ಮನೆಗೆ ಬೇಕಾದ ಸಾಮಾನು ಕೊಳ್ಳುವುದೂ ಅನೇಕ ವೇಳೆ ಅಲ್ಲಿಯೇ.

ಚಾಂಪಿಯನ್ ರೀಫ್ಸ್‌ನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯ ತಾಯಿ ಬಟ್ಟೆ ಹೊಲಿದು ಸಂಸಾರ ನಡೆಸುವವರು. ಮಗ ಬೆಂಗಳೂರಿನ ಅಂಗಡಿಯೊಂದರಿಂದ 18 ಸಾವಿರ ರೂಪಾಯಿಗೆ ವಿದ್ಯುತ್ ಹೊಲಿಗೆ ಯಂತ್ರವನ್ನು ತಂದುಕೊಟ್ಟ. ಮೂರು ತಿಂಗಳೊಳಗೆ ಮೋಟಾರು ಸುಟ್ಟಿತು. ಖಾತರಿಯ ಅವಧಿ ಒಂದು ವರ್ಷವಿದ್ದರೂ ಅಂಗಡಿಯವರು, “ನೀವು ಹೊಲಿದು ಹಣ ಮಾಡುತ್ತೀರಿ. ವ್ಯಾಪಾರಕ್ಕೆ ಕೊಂಡದ್ದಕ್ಕೆ ನಾವು ಹೊಣೆಯಲ್ಲ” ಎಂದರು. ಆ ತಾಯಿ ನನ್ನನ್ನು ಕೇಳಿದರು: “ಮೇಷ್ಟ್ರೇ, ಹದಿನೆಂಟು ಸಾವಿರಕ್ಕೆ ಹದಿನೆಂಟು ಸಲ ಬೆಂಗಳೂರಿಗೆ ಓಡಾಡಲೇ? ಆ ದಿನಗಳ ಕೂಲಿ ಯಾರು ಕೊಡುತ್ತಾರೆ?”

ಪ್ರಶ್ನೆ ಸರಿಯಾದದ್ದು. ಅದಕ್ಕೆ ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿದೆ. 1986ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ ಇದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯಂತೆ ಮಾರಿದವನು ಇರುವಲ್ಲಿ, ಇಲ್ಲವೆ ತಕರಾರಿನ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಾಗಿತ್ತು. ಹೊಸ ಕಾಯಿದೆಯಂತೆ ಕೊಂಡವನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ಕೊಡಬಹುದು. ಎಂದರೆ, ಬೆಂಗಳೂರಿನಲ್ಲಿ ಕೊಂಡ ಯಂತ್ರದ ದೂರನ್ನು ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ವಿಚಾರಿಸಬಲ್ಲದು. ಅಂಗಡಿಯವರ ಮಾತಿಗೂ ಕಾಯಿದೆಯಲ್ಲಿ ಉತ್ತರವಿದೆ. ಮರುಮಾರಾಟಕ್ಕೆ ಅಥವಾ ವಾಣಿಜ್ಯಕ್ಕೆ ಕೊಂಡವನು ಗ್ರಾಹಕನಲ್ಲವೆಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡು, ತಾನೇ ಬಳಸುವವನು ಗ್ರಾಹಕನೇ. ಹೊಲಿಗೆಯ ಆ ತಾಯಿ ಗ್ರಾಹಕರು, ಸಂದೇಹವಿಲ್ಲ.

ಕೊಂಡವನ ಈ ಹಕ್ಕು ನಮ್ಮ ನಾಡಿಗೆ ಹೊಸದೂ ಅಲ್ಲ. ಧರ್ಮಶಾಸ್ತ್ರದಲ್ಲಿ ‘ವ್ಯವಹಾರ’ವೆಂದರೆ ನ್ಯಾಯವಿಚಾರಣೆ ಎಂದೇ ಅರ್ಥ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿಯ ವ್ಯವಹಾರಾಧ್ಯಾಯವು ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಕಾಲವನ್ನು ಗೊತ್ತುಮಾಡಿದೆ: ಬಿತ್ತನೆಯ ಬೀಜಕ್ಕೆ 10 ದಿನ, ರತ್ನಕ್ಕೆ 7 ದಿನ, ಹೊರೆಯ ಎತ್ತಿಗೆ 5 ದಿನ, ಕರೆಯುವ ಹಸುವಿಗೆ 3 ದಿನ, ಕಬ್ಬಿಣಕ್ಕೆ ಒಂದೇ ದಿನ. ಕೊಂಡವನಿಗೆ ಹಕ್ಕು ಉಂಟು, ಅದಕ್ಕೊಂದು ಗಡುವೂ ಉಂಟು ಎಂಬುದೇ ಇದರ ತಾತ್ಪರ್ಯ. ಇಂದಿನ ಕಾಯಿದೆಯಲ್ಲಿ ದೂರಿಗೆ ಗಡುವು, ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾದರೆ ತಕ್ಕ ಕಾರಣವನ್ನು ತೋರಿಸಿ ಆಯೋಗವನ್ನು ಒಪ್ಪಿಸಬೇಕಾಗುತ್ತದೆ.

ಇನ್ನು ನಡೆಯಬೇಕಾದ ಕ್ರಮವನ್ನು ನೋಡೋಣ. ಮೊದಲು ಮಾರಿದವರಿಗೆ ಒಂದು ಪತ್ರ ಬರೆಯಬೇಕು. ಏನು ಕೊಂಡಿರಿ, ಎಂದು, ಎಷ್ಟು ಬೆಲೆಗೆ, ದೋಷವೇನು, ನಿಮಗೆ ಬೇಕಾದ ಪರಿಹಾರವೇನು, ಎಷ್ಟು ದಿನದೊಳಗೆ ಎಂಬಷ್ಟನ್ನು ಬೈಗುಳವಿಲ್ಲದೆ ಬರೆದು, ಕಳುಹಿಸಿದ್ದಕ್ಕೆ ಅಂಚೆಯ ರಶೀದಿ ಇರುವಂತೆ ಕಳುಹಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರವಾಣಿಯ ಮೂಲಕ ತಿಳಿಸಬಹುದು.

ಇದಕ್ಕೂ ಬಗ್ಗದಿದ್ದರೆ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯನ್ನು ಮೀರದ ದೂರುಗಳನ್ನು ಜಿಲ್ಲಾ ಆಯೋಗ ವಿಚಾರಿಸುತ್ತದೆ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಫಿರ್ಯಾದಿ ತಾನೇ ಮಾತನಾಡಬಹುದು. ದೂರಿನ ಜೊತೆಗೆ ರಶೀದಿ, ಖಾತರಿ ಚೀಟಿ, ನಡೆದ ಪತ್ರವ್ಯವಹಾರದ ಪ್ರತಿಗಳು ಮತ್ತು ಪ್ರಮಾಣಪತ್ರ ಇರಬೇಕು. ವಿಚಾರಣೆ ನಡೆಯುವುದು ಮುಖ್ಯವಾಗಿ ಈ ಕಾಗದಗಳ ಮೇಲೆಯೇ. ದೂರನ್ನು ಅಂತರಜಾಲದ ಮೂಲಕ ಸಲ್ಲಿಸುವುದಕ್ಕೂ ಅವಕಾಶವಿದೆ. 2025ರ ಜನವರಿ 1ರಿಂದ ‘ಇ-ಜಾಗೃತಿ’ ಎಂಬ ತಾಣ ಇದಕ್ಕಾಗಿ ನಡೆಯುತ್ತಿದೆ. ದಿನಗೂಲಿ ಬಿಟ್ಟು ಬರಲಾರದವರಿಗೆ ಇದು ದೊಡ್ಡ ಅನುಕೂಲ.

ಎದುರುಪಕ್ಷಕ್ಕೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಎದುರುಪಕ್ಷಕ್ಕೆ ನೋಟೀಸು ತಲುಪಿದ ಮೇಲೆ ಸಾಧ್ಯವಾದಷ್ಟು 3 ತಿಂಗಳಲ್ಲಿ, ವಸ್ತುವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದರೆ 5 ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಪ್ರತಿಯೊಂದು ದೂರೂ ಅಷ್ಟರಲ್ಲಿ ಮುಗಿದೇ ಮುಗಿಯುತ್ತದೆಂದು ನಂಬಿಕೊಳ್ಳಬಾರದು, ತಾಳ್ಮೆಯೂ ಬೇಕು. ದೋಷವನ್ನು ಸರಿಪಡಿಸು, ವಸ್ತುವನ್ನು ಬದಲಿಸು, ಹಣವನ್ನು ಹಿಂದಿರುಗಿಸು, ನಷ್ಟ ತುಂಬಿಕೊಡು ಎಂದು ಆಯೋಗ ಆಜ್ಞೆ ಮಾಡಬಹುದು. ಆಜ್ಞೆಯನ್ನು ಮೀರಿದವರಿಗೆ ಸೆರೆವಾಸ ಅಥವಾ ಜುಲ್ಮಾನೆ, ಇಲ್ಲವೆ ಎರಡೂ ಉಂಟು.

ಎಲ್ಲ ತಕರಾರೂ ಗ್ರಾಹಕನದಲ್ಲವಷ್ಟೆ. ಮನೆ ಬಿಟ್ಟ ಮೇಲೆ ಮಾಲೀಕರು ಅಡ್ವಾನ್ಸು ಹಿಂದಿರುಗಿಸಲಿಲ್ಲ. ಪರಿಚಯದವರು ಕೈಸಾಲ ತೀರಿಸಲಿಲ್ಲ. ಪಕ್ಕದ ಮನೆಯ ಬಚ್ಚಲ ನೀರು ನಮ್ಮ ಗೋಡೆಗೆ ಬರುತ್ತದೆ. ಇಂಥವುಗಳಿಗೆ ಗ್ರಾಹಕ ಆಯೋಗ ದಾರಿಯಲ್ಲ. ಇವುಗಳಿಗಾಗಿ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ನಡೆಯುವ ಲೋಕ ಅದಾಲತ್ತಿಗೆ, ದಾವಾ ಹೂಡುವ ಮೊದಲೇ ತಕರಾರನ್ನು ಒಯ್ಯಬಹುದು. ಅಲ್ಲಿ ತೀರ್ಪನ್ನು ಹೇರುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ರಾಜಿ. ಆದರೆ ಒಪ್ಪಿ ರುಜು ಹಾಕಿದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲಿಲ್ಲ. ಆಗಲೇ ದಾವಾ ಹೂಡಿದ್ದರೆ ಕಟ್ಟಿದ ಕೋರ್ಟು ಫೀಸೂ ವಾಪಸು ಬರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ. ದೂರವಾಣಿ ಸಂಖ್ಯೆ 15100. ರಾಜಿಯಾಗದಿದ್ದರೆ ಸಿವಿಲ್ ನ್ಯಾಯಾಲಯವಿದ್ದೇ ಇದೆ. ಆದರೆ ಅಲ್ಲಿಯೂ ಗಡುವುಂಟು: ಕೈಸಾಲಕ್ಕೆ ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷ. “ನಾಳೆ ಕೊಡುತ್ತೇನೆ” ಎಂಬ ಮಾತನ್ನು ನಂಬಿ ಕೂತವನ ಹಕ್ಕು ಸದ್ದಿಲ್ಲದೆ ಸವೆದುಹೋಗುತ್ತದೆ.

ಹೊಲಿಗೆಯ ಆ ತಾಯಿಯ ಪರವಾಗಿ ಪತ್ರವನ್ನು ನಾನೇ ಬರೆದುಕೊಟ್ಟೆ. ಕೋಲಾರದಲ್ಲಿಯೇ ದೂರು ಕೊಡಬಹುದೆಂಬ ಮಾತನ್ನೂ ಅದರಲ್ಲಿ ಸೇರಿಸಿದೆ. ಎರಡು ವಾರದೊಳಗೆ ಅಂಗಡಿಯ ಮನುಷ್ಯ ಬಂದು ಹೊಸ ಮೋಟಾರು ಜೋಡಿಸಿ ಹೋದ. ಆಯೋಗದ ಮೆಟ್ಟಿಲು ಹತ್ತುವ ಪ್ರಮೇಯವೇ ಬರಲಿಲ್ಲ.

ಅವರಿಗೆ ಬುದ್ಧಿ ಹೇಳಿದ ನಾನು ಮಾತ್ರ ಅದಕ್ಕೂ ಮೊದಲು ಸೋತವನು. ಮನೆಗೆ ತಂದ ಗ್ರೈಂಡರ್ ಎಂಟು ತಿಂಗಳಿಗೆ ನಿಂತಿತು. ಬೀರುವಿನಲ್ಲಿ ಜೋಪಾನವಾಗಿ ಮಡಿಸಿಟ್ಟಿದ್ದ ರಶೀದಿಯನ್ನು ತೆಗೆದು ನೋಡಿದರೆ ಅದು ಬರಿಯ ಬಿಳಿಯ ಹಾಳೆ! ಈಗಿನ ಅನೇಕ ಅಂಗಡಿಗಳ ರಶೀದಿಯಲ್ಲಿ ಮಸಿಯೇ ಇರುವುದಿಲ್ಲ. ಶಾಖದಿಂದ ಮೂಡಿದ ಅಕ್ಷರ ಕೆಲವು ತಿಂಗಳಲ್ಲಿ ಮಾಸುತ್ತದೆ. ಅಂಗಡಿಯವರು ಹಾಳೆಯನ್ನು ತಿರುಗಿಸಿ ನೋಡಿ, “ಇದರಲ್ಲಿ ಏನಿದೆ, ಸ್ವಾಮಿ?” ಎಂದರು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನ ಬಳಿ ತೋರಿಸಲು ಒಂದು ಅಕ್ಷರವಿರಲಿಲ್ಲ. ರಿಪೇರಿಯ ಹಣವನ್ನು ಕೈಯಿಂದ ಕೊಟ್ಟು ಬಂದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಏನನ್ನೇ ಕೊಂಡರೂ ಅಂದೇ ರಶೀದಿಯ ನೆರಳಚ್ಚನ್ನು ತೆಗೆಸುತ್ತೇವೆ, ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇವೆ. ಖಾತರಿ ಚೀಟಿಗೆ ಅಂಗಡಿಯ ಮೊಹರನ್ನು ಹಾಕಿಸುತ್ತೇವೆ. ಎಲ್ಲವನ್ನೂ ಒಂದೇ ಲಕೋಟೆಯಲ್ಲಿಟ್ಟು, ಖಾತರಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ವಾಚಕರೂ ಈ ವಾರ ಬಿಡುವಾದಾಗ ತಮ್ಮ ಮನೆಯ ರಶೀದಿಗಳನ್ನೊಮ್ಮೆ ತೆಗೆದು, ಅಕ್ಷರ ಇನ್ನೂ ಉಳಿದಿದೆಯೇ ಎಂದು ನೋಡಬೇಕಾಗಿ ವಿನಂತಿ.