ಯಂತ್ರಜೋಡಣೆಯಲ್ಲಿ ಸ್ಥಾನನಿರ್ಣಯವೂ ನಿರ್ಬಂಧಗಳ ಲೆಕ್ಕವೂ

ಯಂತ್ರವೊಂದನ್ನು ನಿರ್ಮಿಸುವುದಕ್ಕೆ ಮೊದಲು ಅದರ ಭಾಗಗಳನ್ನು ಗಣಕಯಂತ್ರದಲ್ಲಿ ಘನಾಕೃತಿಗಳಾಗಿ ರಚಿಸಿ, ಅಲ್ಲಿಯೇ ಒಂದಕ್ಕೊಂದು ಜೋಡಿಸಿ ನೋಡುವ ಪದ್ಧತಿಯು ಈಗ ರೂಢಿಯಾಗಿದೆ. ಈ ಜೋಡಣೆಯಲ್ಲಿ ಭಾಗಗಳನ್ನು ಅಂದಾಜಿನಿಂದ ಸರಿಸಿ ನಿಲ್ಲಿಸುವುದು ಸಲ್ಲದು. “ಈ ಮುಖವು ಆ ಮುಖಕ್ಕೆ ತಾಗಿರಬೇಕು”, “ಈ ಅಕ್ಷವು ಆ ಅಕ್ಷದೊಡನೆ ಒಂದಾಗಿರಬೇಕು” ಎಂಬ ವಿಧಿಗಳನ್ನು ನಾವು ಹೇಳುವೆವು. ಅವುಗಳಿಗೆ ಒಪ್ಪುವ ಸ್ಥಾನವನ್ನು ಗಣಕವು ಕಂಡುಹಿಡಿಯುವುದು. ಇಂತಹ ವಿಧಿಗೆ ನಿರ್ಬಂಧವೆಂದು ಹೆಸರು. ಸಾಲಿಡ್‌ವರ್ಕ್ಸ್ ಎಂಬ ತಂತ್ರಾಂಶದಲ್ಲಿ ಇದನ್ನೇ ಮೇಟ್ ಎನ್ನುತ್ತಾರೆ. ಈ ನಿರ್ಬಂಧಗಳು ಎಷ್ಟಿರಬೇಕು, ಹೆಚ್ಚಾದರೆ ಕೇಡೇನು, ಪರದೆಯ ಮೇಲೆ ಸರಿಯಾಗಿ ಕೂಡಿದ ಯಂತ್ರವು ಕಾರ್ಖಾನೆಯಲ್ಲಿ ಕೂಡದೆ ಹೋಗುವುದೇಕೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಆಕಾಶದಲ್ಲಿ ಎಲ್ಲಿಯೂ ತಗುಲದೆ ಇರುವ ಗಟ್ಟಿಯಾದ ವಸ್ತುವಿಗೆ ಆರು ಬಗೆಯ ಚಲನಸ್ವಾತಂತ್ರ್ಯಗಳುಂಟು. ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಅದು ಸರಿಯಬಲ್ಲದು. ಆ ಮೂರು ದಿಕ್ಕುಗಳನ್ನೇ ಅಕ್ಷಗಳಾಗಿ ಮಾಡಿಕೊಂಡು ತಿರುಗಬಲ್ಲದು. ಈ ಆರನ್ನೂ ಕಳೆದರೆ ವಸ್ತುವು ನಿಶ್ಚಲವಾಗುವುದು. ಗಣಕಯಂತ್ರವು ಹುಟ್ಟುವುದಕ್ಕೆ ಬಹಳ ಹಿಂದೆಯೇ, ೧೮೭೬ರಲ್ಲಿ, ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ವೈಜ್ಞಾನಿಕ ಉಪಕರಣಗಳ ರಚನೆಯನ್ನು ಕುರಿತು ಬರೆಯುತ್ತ ಈ ತತ್ತ್ವವನ್ನು ಎತ್ತಿಹೇಳಿದನು. ಒಂದು ಭಾಗವನ್ನು ಸ್ಥಿರವಾಗಿ ಕೂರಿಸಲು ಆರು ಬಿಂದುಗಳ ಆಸರೆಯೇ ಸಾಕು. ಉಪಕರಣಕ್ಕೆ ಮೂರು ಗುಂಡುಪಾದಗಳನ್ನಿಟ್ಟು, ಪ್ರತಿಯೊಂದನ್ನೂ ಇಳಿಜಾರಾದ ಎರಡು ಗೋಡೆಗಳುಳ್ಳ ಗಾಡಿಯಲ್ಲಿ ಕೂರಿಸಿ, ಆ ಮೂರು ಗಾಡಿಗಳೂ ನಡುವಿನ ಕಡೆಗೆ ಮುಖಮಾಡಿರುವಂತೆ ಕೊರೆದರೆ, ಒಂದೊಂದು ಪಾದಕ್ಕೆ ಎರಡರಂತೆ ಆರು ಸ್ಪರ್ಶಬಿಂದುಗಳಾಗುವುವು. ಅದನ್ನು ಎತ್ತಿ ಮತ್ತೆ ಇಟ್ಟರೂ ಮೊದಲಿನ ಸ್ಥಾನಕ್ಕೇ ಬಂದು ಕೂಡುವುದು.

ಗಣಕದಲ್ಲಿ ನಾವು ಹೇಳುವ ಒಂದೊಂದು ನಿರ್ಬಂಧವೂ ಈ ಆರರಲ್ಲಿ ಕೆಲವನ್ನು ಕಳೆಯುತ್ತದೆ. ಚಪ್ಪಟೆಮುಖವು ಚಪ್ಪಟೆಮುಖಕ್ಕೆ ತಾಗಿದರೆ ಮೂರು ಹೋಗುವುವು: ಮುಖಕ್ಕೆ ಲಂಬವಾಗಿ ಸರಿಯುವುದೊಂದು, ಓರೆಯಾಗಿ ವಾಲುವ ಬಗೆಗಳೆರಡು. ಅಕ್ಷಗಳೆರಡು ಒಂದಾದರೆ ನಾಲ್ಕು ಹೋಗುವುವು; ಅಕ್ಷದುದ್ದಕ್ಕೂ ಜಾರುವುದು ಮತ್ತು ಅದರ ಸುತ್ತ ತಿರುಗುವುದು ಮಾತ್ರ ಉಳಿಯುವುವು. ಈಗ ಫಲಕದ ತೂತಿನಲ್ಲಿ ಒಂದು ಬೋಲ್ಟನ್ನು ಕೂರಿಸೋಣ. ಬೋಲ್ಟಿನ ಅಕ್ಷವು ತೂತಿನ ಅಕ್ಷದೊಡನೆ ಒಂದಾಗಲಿ, ತಲೆಯ ಕೆಳಮುಖವು ಫಲಕಕ್ಕೆ ತಾಗಲಿ. ನಾಲ್ಕೂ ಮೂರೂ ಸೇರಿ ಏಳು ಕಳೆದಂತಾಯಿತು. ಆದರೆ ಇದ್ದುದೇ ಆರು. ಅದರಲ್ಲಿಯೂ ಬೋಲ್ಟು ತನ್ನ ಅಕ್ಷದ ಸುತ್ತ ಇನ್ನೂ ತಿರುಗುತ್ತಲೇ ಇರುವುದು. ನಿಜವಾಗಿ ಕಳೆದುದು ಐದು. ಉಳಿದ ಎರಡು ಪುನರುಕ್ತಿಗಳು. ಬೋಲ್ಟು ವಾಲಕೂಡದೆಂದು ಅಕ್ಷವೂ ಹೇಳಿತು, ಮುಖವೂ ಹೇಳಿತು.

ತೂತು ಫಲಕಕ್ಕೆ ಸರಿಯಾಗಿ ಲಂಬವಾಗಿರುವವರೆಗೆ ಈ ಇಬ್ಬರು ಸಾಕ್ಷಿಗಳ ಮಾತೂ ಒಂದೇ ಆಗಿರುವುದು. ಗಣಕದಲ್ಲಿ ಅದು ಯಾವಾಗಲೂ ಲಂಬವೇ. ಕೊರೆಯುವ ಯಂತ್ರದಲ್ಲಿಯಾದರೋ ಎಷ್ಟಾದರೂ ಓರೆ ಉಳಿದೇ ಉಳಿಯುತ್ತದೆ; ಆಗ ಬೋಲ್ಟಿನ ತಲೆಯು ಒಂದು ಅಂಚಿನಲ್ಲಿ ಮಾತ್ರ ಕೂಡುವುದು, ಬಿಗಿದರೆ ಬೋಲ್ಟು ಬಾಗುವುದು. ತೂತನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿ ಕೊರೆಯುವುದರಿಂದಲೇ ಈ ವಿರೋಧವು ಸಾಮಾನ್ಯವಾಗಿ ಕಣ್ಣಿಗೆ ಬೀಳದೆ ಪರಿಹಾರವಾಗುತ್ತದೆ.

ಎರಡು ಫಲಕಗಳನ್ನು ಎರಡೆರಡು ತೂತುಗಳ ಮೂಲಕ ಕೂಡಿಸುವಾಗ ಸಂಗತಿಯು ಇನ್ನೂ ಸ್ಪಷ್ಟವಾಗುವುದು. ಮುಖಗಳು ತಾಗಿ, ಮೊದಲನೆಯ ತೂತುಗಳ ಅಕ್ಷಗಳು ಒಂದಾದ ಮೇಲೆ ಉಳಿಯುವುದು ಒಂದೇ ಸ್ವಾತಂತ್ರ್ಯ, ಆ ತೂತಿನ ಸುತ್ತ ತಿರುಗುವುದು. ಅದನ್ನು ತಡೆಯಲು ಒಂದು ನಿರ್ಬಂಧ ಸಾಕು. ಆದರೆ ಎರಡನೆಯ ತೂತುಗಳನ್ನೂ ಏಕಾಕ್ಷವಾಗಿ ಮಾಡಿದರೆ, ತಿರುಗುವುದನ್ನು ತಡೆಯುವುದರ ಜೊತೆಗೆ, ತೂತುಗಳ ನಡುವಣ ದೂರವು ಎರಡು ಫಲಕಗಳಲ್ಲಿಯೂ ಒಂದೇ ಆಗಿರಬೇಕೆಂಬ ಬೇಡದ ವಿಧಿಯೂ ಸೇರಿಕೊಳ್ಳುತ್ತದೆ. ಎರಡರಲ್ಲಿಯೂ ದೂರವು ೫೦ ಮಿಲಿಮೀಟರಾಗಿದ್ದರೆ ಜೋಡಣೆಯು ಕೂಡುವುದು. ಮುಂದೊಮ್ಮೆ ಒಂದು ಫಲಕದಲ್ಲಿ ಮಾತ್ರ ಅದನ್ನು ೫೦.೧ ಎಂದು ತಿದ್ದಿದರೆ, ನಿರ್ಬಂಧಗಳು ಪರಸ್ಪರ ವಿರುದ್ಧವಾಗಿವೆಯೆಂದು ತಂತ್ರಾಂಶವು ಕೆಲಸವನ್ನು ನಿಲ್ಲಿಸುವುದು. ಎರಡನೆಯ ತೂತಿಗೆ ಬದಲಾಗಿ ಫಲಕಗಳ ಪಕ್ಕದ ಅಂಚುಗಳು ಸಮಾಂತರವಾಗಿರಲೆಂದು ವಿಧಿಸಿದ್ದರೆ ಈ ತೊಡಕಿರುತ್ತಿರಲಿಲ್ಲ. ಕಾರ್ಖಾನೆಯ ಕುಶಲಿಗಳು ಇದಕ್ಕೆ ಎಂದೋ ಉಪಾಯವನ್ನು ಕಂಡಿದ್ದಾರೆ. ಅವರು ಒಂದು ತೂತಿಗೆ ದುಂಡುಪಿನ್ನನ್ನು ಹಾಕಿ, ಮತ್ತೊಂದಕ್ಕೆ ಎರಡು ಪಕ್ಕಗಳನ್ನು ಸವರಿದ ಪಿನ್ನನ್ನು ಹಾಕುವರು. ಅಥವಾ ಆ ತೂತನ್ನೇ ಉದ್ದವಾಗಿ ಕೊರೆಯುವರು. ಹೀಗೆ ಎರಡನೆಯ ಪಿನ್ನು ತಿರುಗುವುದನ್ನು ತಡೆಯುವುದೇ ಹೊರತು ದೂರದ ವಿಷಯಕ್ಕೆ ಹೋಗುವುದಿಲ್ಲ.

ಗಣಕವು ಈ ಪುನರುಕ್ತಿಯನ್ನು ತಾನಾಗಿಯೇ ಏಕೆ ಖಂಡಿಸುವುದಿಲ್ಲ? ಅದರ ದೃಷ್ಟಿಯಲ್ಲಿ ಪ್ರತಿಯೊಂದು ಭಾಗವೂ ಆರು ಅವ್ಯಕ್ತಸಂಖ್ಯೆಗಳು, ಪ್ರತಿಯೊಂದು ನಿರ್ಬಂಧವೂ ಕೆಲವು ಸಮೀಕರಣಗಳು. ಇದ್ದ ಸ್ಥಾನದಿಂದ ಹೊರಟು, ದೋಷವನ್ನು ಹಂತಹಂತವಾಗಿ ತಗ್ಗಿಸುತ್ತ, ಎಲ್ಲ ಸಮೀಕರಣಗಳೂ ಸಲ್ಲುವ ನೆಲೆಯನ್ನು ಅದು ಅರಸುವುದು. ಈ ಮಾರ್ಗಕ್ಕೆ ಮೊದಲ ದೊಡ್ಡ ನಿದರ್ಶನವನ್ನು ತೋರಿಸಿದವನು ಇವಾನ್ ಸದರ್ಲೆಂಡ್. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ೧೯೬೩ರಲ್ಲಿ ಅವನು ರಚಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲಿ, ಪರದೆಯ ಮೇಲಿನ ರೇಖೆಗಳಿಗೆ ಸಮಾಂತರ, ಲಂಬ ಮುಂತಾದ ವಿಧಿಗಳನ್ನು ಹೇಳಬಹುದಾಗಿತ್ತು. ಸಮೀಕರಣಗಳು ಹೆಚ್ಚಾಗಿದ್ದರೂ ಒಂದಕ್ಕೊಂದು ಒಪ್ಪುತ್ತಿದ್ದರೆ ಉತ್ತರವು ದೊರೆಯುವುದು. ಅನೇಕ ತಂತ್ರಾಂಶಗಳು ಅಷ್ಟಕ್ಕೇ ತೃಪ್ತಿಹೊಂದುತ್ತವೆ. ಗಣಕವು ಬಲ್ಲುದು ಆದರ್ಶವಾದ ಅಳತೆಯನ್ನು, ಲೋಹದ ವ್ಯತ್ಯಾಸವನ್ನಲ್ಲ.

ನಿರ್ಬಂಧಗಳು ಕಡಿಮೆಯಾದರೂ ತೊಂದರೆಯೇ. ಕಣ್ಣಿಗೆ ಸರಿಯಾಗಿ ನಿಂತಂತೆ ತೋರುವ ಭಾಗವು ಮತ್ತೊಂದು ಭಾಗವನ್ನು ತಿದ್ದಿದೊಡನೆ ಜಾರಿಹೋಗಬಹುದು. ಆದರೂ ಚಲಿಸಬೇಕಾದ ಭಾಗಕ್ಕೆ ಅದರ ಚಲನೆಯನ್ನು ಉಳಿಸಲೇಬೇಕು.

ಹೆಚ್ಚಿನ ನಿರ್ಬಂಧವೆಲ್ಲವೂ ದೋಷವೆಂದು ಮಾತ್ರ ವಾಚಕರು ಭಾವಿಸಬಾರದು. ಎರಡು ಕೀಲುಗಳ ಮೇಲೆ ನಿಂತ ಬಾಗಿಲನ್ನು ನೋಡಿರಿ. ಒಂದು ಕೀಲು ಐದು ಸ್ವಾತಂತ್ರ್ಯಗಳನ್ನು ಕಳೆಯುವುದು; ಎರಡು ಸೇರಿ ಹತ್ತು. ಬರಿಯ ಲೆಕ್ಕದಂತೆ ಬಾಗಿಲು ಅಲುಗಲೂ ಕೂಡದು. ಎರಡು ಕೀಲುಗಳ ಅಕ್ಷವೂ ಒಂದೇ ಆಗಿರುವುದರಿಂದಲೇ ಅದು ತಿರುಗುತ್ತದೆ. ಐದು ನಿರ್ಬಂಧಗಳು ಅಧಿಕವಾಗಿಯೇ ಉಳಿಯುತ್ತವೆ. ಬಾಗಿಲಿನ ಭಾರವನ್ನು ಹೊರಲು ಎರಡನೆಯ ಕೀಲು ಬೇಕೇ ಬೇಕು. ಅದರ ಬೆಲೆಯನ್ನು ಬಡಗಿಯು ತೆರುತ್ತಾನೆ: ಕೀಲುಗಳೆರಡನ್ನೂ ಒಂದೇ ನೇರಕ್ಕೆ ತರುವವರೆಗೆ ಅವನು ಮರವನ್ನು ಕೆತ್ತಿ ತಿದ್ದಬೇಕಾಗುವುದು.

ಆದುದರಿಂದ, ಒಂದು ಭಾಗವನ್ನು ಆಧಾರವಾಗಿ ನಿಲ್ಲಿಸಿಕೊಂಡು, ಅದಕ್ಕೆ ಸೇರುವ ಪ್ರತಿಯೊಂದು ಭಾಗವನ್ನೂ ಕುರಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವಿಹಿತ. ಆರರಲ್ಲಿ ಯಾವುದನ್ನು ಯಾವ ಮುಖ ಅಥವಾ ಅಕ್ಷವು ಕಳೆಯುತ್ತದೆ? ಯಾವುದು ಎರಡು ಸಲ ಕಳೆದಿದೆ? ಎರಡು ಸಲ ಕಳೆದುದನ್ನು ನಿಜವಾದ ಯಂತ್ರದಲ್ಲಿ ಸಹಿಸುವುದು ಯಾವುದು, ಸಡಿಲವಾದ ತೂತೋ, ಬಾಗುವ ಲೋಹವೋ, ಫಿಟ್ಟರನ ಅರವೋ? ಮೂರನೆಯದಕ್ಕೆ ಉತ್ತರವಿಲ್ಲದ ಜೋಡಣೆಯು ಪರದೆಯ ಮೇಲೆ ಎಷ್ಟೇ ಚೆನ್ನಾಗಿ ಕೂಡಿದ್ದರೂ, ಅದನ್ನು ಪೂರ್ಣವಾದ ರಚನೆಯೆಂದು ಎಣಿಸಲಾಗದು.