ಎಂಜಿನಿನ ಎಣ್ಣೆಸೋರಿಕೆಯೂ ಮಿಸ್ತ್ರಿಯ ಅಂದಾಜುಪಟ್ಟಿಯೂ

ಕಳೆದ ಹತ್ತಿಯ ಸುಗ್ಗಿಯಲ್ಲಿ ಒಂದು ಸಾಯಂಕಾಲ ನನ್ನ ಸೋದರಳಿಯನು ದೇವದುರ್ಗದಿಂದ ರಾಯಚೂರಿನ ನಮ್ಮ ಮನೆಗೆ ಬಂದನು. ಅವನಿಗೆ ನಾಲ್ಕು ಗಾಲಿಯ ಒಂದು ಚಿಕ್ಕ ಸರಕುಗಾಡಿಯೇ ಜೀವನಾಧಾರ. ಹಳ್ಳಿಗಳ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಹೇರಿಕೊಂಡು ಗಬ್ಬೂರಿನ ಮಾರ್ಗವಾಗಿ ರಾಯಚೂರಿನ ಮಾರುಕಟ್ಟೆಗೆ ತಂದು, ಬಂದ ಬಾಡಿಗೆಯಲ್ಲಿ ಗಾಡಿಯ ಸಾಲದ ಕಂತನ್ನು ಕಟ್ಟಿ, ಉಳಿದುದರಲ್ಲಿ ಸಂಸಾರವನ್ನು ಸಾಗಿಸತಕ್ಕವನು. ಆ ದಿವಸ ಅವನು ಕಾಫಿಯನ್ನು ಸಹ ಮುಟ್ಟದೆ ಜೇಬಿನಿಂದ ಒಂದು ಚೀಟಿಯನ್ನು ತೆಗೆದು ನನ್ನ ಮುಂದಿಟ್ಟನು. ಅದರಲ್ಲಿ ಇದ್ದುದು ಒಂದೇ ಸಾಲು: ‘ಎಂಜಿನ್ ಆಯಿಲ್ ಲೀಕ್ ಕೆಲಸ — 18,500.’

“ಎಂಜಿನ್ ಇಳಸಬೇಕಂತ್ರಿ, ಮಾಮಾ. ಇಲ್ಲಾಂದ್ರ ದಾರ್ಯಾಗ ಜಾಮ್ ಆಗಿ ನಿಂತುಬಿಡ್ತದಂತ. ಆಕಿ ಬಿಲ್ವಾರ ಬಿಚ್ಚಿ ಕೊಟ್ಟಾಳ, ನಾಳೆ ಒತ್ತಿ ಇಡಬೇಕಂತ ಮಾಡೀನಿ,” ಎಂದನು.

ನಾನು ಮೂವತ್ತು ವರುಷಗಳಿಗೆ ಮಿಕ್ಕು ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದವನೇ ಹೊರತು ಯಂತ್ರವಿದ್ಯೆಯ ಗಂಧವನ್ನು ಅರಿತವನಲ್ಲ. ಆದರೂ ವಾಕ್ಯವನ್ನು ಪರೀಕ್ಷಿಸುವುದು ನನ್ನ ಹಳೆಯ ಕಸಬು. ಮರದಿಂದ ಎಲೆ ಬೀಳುತ್ತದೆ ಎಂಬುದು ವ್ಯಾಕರಣದಲ್ಲಿ ಪಂಚಮೀ ವಿಭಕ್ತಿಗೆ ಎಲ್ಲರೂ ಹೇಳುವ ಉದಾಹರಣೆ. ಎಲೆ ಎಲ್ಲಿಂದ ಅಗಲಿತೋ ಅದು ಅಪಾದಾನ. ಈ ಚೀಟಿಯಲ್ಲಿಯಾದರೋ ಎಣ್ಣೆ ಬೀಳುತ್ತದೆಂದು ಇದೆಯೇ ವಿನಾ ಎಲ್ಲಿಂದ ಎಂಬ ಪಂಚಮಿಯೇ ಇಲ್ಲ! ಎಲ್ಲಿಂದ ಎಂಬುದನ್ನು ಹೇಳದೆ ಹದಿನೆಂಟೂವರೆ ಸಾವಿರದ ಬೆಲೆಯನ್ನು ಹೇಳಿದ ಬಗೆ ಹೇಗೆ? ಬಿಲ್ವಾರಗಳು ಎರಡು ದಿವಸ ಪೆಟ್ಟಿಗೆಯಲ್ಲಿಯೇ ಇರಲಿ ಎಂದು ಅಳಿಯನಿಗೆ ಹೇಳಿ ರಾತ್ರಿ ನಮ್ಮಲ್ಲಿಯೇ ನಿಲ್ಲಿಸಿಕೊಂಡೆನು.

ವಿಷಯವನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕುತ್ತಿದ್ದರು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಗೊಟ್ಟದಲ್ಲಿ ತುಂಬಿ ಬಂಡಿಗೆ ತೂಗುಹಾಕಿರುತ್ತಿದ್ದುದನ್ನು ಬಾಲ್ಯದಲ್ಲಿ ನಾನೂ ನೋಡಿದ್ದೇನೆ. ಕೀಲೆಣ್ಣೆ ತಪ್ಪಿದ ಬಂಡಿ ಕಿರುಗುಟ್ಟಿ ಊರಿಗೆಲ್ಲ ಸುದ್ದಿಯನ್ನು ಹೇಳುತ್ತಿತ್ತು. ಎಂಜಿನು ಹಾಗಲ್ಲ, ಅದಕ್ಕೆ ಎಣ್ಣೆ ತಪ್ಪಿದರೆ ಸುದ್ದಿ ಬರುವಷ್ಟರಲ್ಲಿ ಲೋಹವು ಲೋಹಕ್ಕೆ ಉಜ್ಜಿ ಕೆಲಸ ಕೆಟ್ಟಿರುತ್ತದೆ. ಅದರ ಕೆಳಭಾಗದಲ್ಲಿ ಎಣ್ಣೆಯ ತೊಟ್ಟಿಯೊಂದಿದೆ. ಮಿಸ್ತ್ರಿಗಳು ಅದಕ್ಕೆ ಚೇಂಬರು ಎನ್ನುವರು. ಅಲ್ಲಿಂದ ಪಂಪು ಎಣ್ಣೆಯನ್ನು ಮೇಲಕ್ಕೆ ಒತ್ತುತ್ತದೆ. ಅದು ತಿರುಗುವ ಅಂಗಗಳನ್ನೆಲ್ಲ ತೋಯಿಸಿ ಪುನಃ ತೊಟ್ಟಿಗೆ ಇಳಿಯುತ್ತದೆ. ಲೋಹದ ಎರಡು ಭಾಗಗಳು ಕೂಡುವ ಸಂದಿಯಲ್ಲಿ ಪ್ಯಾಕಿಂಗು, ತಿರುಗುವ ದಂಡವು ಹೊರಕ್ಕೆ ಬರುವ ರಂಧ್ರದಲ್ಲಿ ರಬ್ಬರಿನ ಸೀಲು. ವೈಶಾಖದಲ್ಲಿ ನೆರಳಿನಲ್ಲಿಯೇ ನಲವತ್ತು ಡಿಗ್ರಿಯನ್ನು ದಾಟುವ ನಮ್ಮ ಸೀಮೆಯ ಬಿಸಿಲು, ಅದರ ಮೇಲೆ ಎಂಜಿನಿನ ಕಾವು. ಇವೆರಡರಲ್ಲಿ ಬೆಂದ ರಬ್ಬರು ಕೆಲವು ವರುಷಗಳಲ್ಲಿ ಒಣ ಚರ್ಮದಂತೆ ಗಡುಸಾಗಿ ಬಿರಿಯುವುದು. ಆಗ ಎಣ್ಣೆ ಜಿನುಗುತ್ತದೆ.

ಇಲ್ಲಿ ಒಂದು ತೊಡಕುಂಟು. ಮೇಲಿನ ಮುಚ್ಚಳದ ಪ್ಯಾಕಿಂಗು, ಅಂದರೆ ಟ್ಯಾಪೆಟ್ ಕವರಿನದು, ಬಿರಿದರೆ ಎಣ್ಣೆಯು ಎಂಜಿನಿನ ಬೆನ್ನಿನ ಮೇಲೆ ಇಳಿದು, ಓಟದ ಗಾಳಿಗೆ ಹಿಂದಕ್ಕೆ ಸರಿದು, ಗೇರುಪೆಟ್ಟಿಗೆಯು ಎಂಜಿನಿಗೆ ಕೂಡುವ ಸಂದಿನಿಂದ ನೆಲಕ್ಕೆ ತೊಟ್ಟಿಕ್ಕುವುದು. ಕ್ರ್ಯಾಂಕು ದಂಡದ ಹಿಂದಿನ ಸೀಲು ಹೋದರೂ ತೊಟ್ಟಿಕ್ಕುವುದು ಅದೇ ಸ್ಥಳದಿಂದಲೇ. ಮೊದಲನೆಯದು ಕೆಲವು ಬೋಲ್ಟುಗಳನ್ನು ಬಿಚ್ಚಿದರೆ ಮುಗಿಯುವ ಅರ್ಧ ಗಂಟೆಯ ಕೆಲಸ. ಎರಡನೆಯದಕ್ಕೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಸೀಲಿನ ಬೆಲೆ ನೂರುಗಳಲ್ಲಿ, ಅದನ್ನು ತಲಪುವ ಕೂಲಿ ಸಾವಿರಗಳಲ್ಲಿ. ತಾರ್ಕಿಕರು ಹೊಗೆಯಿಂದ ಬೆಂಕಿಯನ್ನು ಊಹಿಸುವರು. ಏಕೆಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು. ಆದರೆ ಆ ಸಂದಿನಲ್ಲಿ ಎಣ್ಣೆಯಿದ್ದಲ್ಲೆಲ್ಲ ಹಿಂದಿನ ಸೀಲು ಹೋಗಿರಬೇಕೆಂಬ ವ್ಯಾಪ್ತಿಯಿಲ್ಲ. ನ್ಯಾಯಶಾಸ್ತ್ರದಲ್ಲಿ ಇಂತಹ ಹೇತುವಿಗೆ ಸವ್ಯಭಿಚಾರವೆಂದು ಹೆಸರು. ಚೀಟಿಯನ್ನು ಬರೆದವನು ಸುಳ್ಳನೆಂದು ನಾನು ಹೇಳಲಾರೆ. ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ ಅನುಮಾನವನ್ನೇ ಪ್ರತ್ಯಕ್ಷವೆಂದು ಬರೆದಿದ್ದನು.

ಮರುದಿನ ಬೆಳಿಗ್ಗೆ, ಎಂಜಿನು ತಣ್ಣಗಿದ್ದಾಗಲೇ, ಡೀಸಲಿನಲ್ಲಿ ಅದ್ದಿದ ಕುಂಚದಿಂದ ಅಳಿಯನು ಎಂಜಿನಿನ ಹೊರಮೈಯನ್ನೆಲ್ಲ ತಿಕ್ಕಿ ಬಟ್ಟೆಯಿಂದ ಒರಸಿದನು. ಚೆನ್ನಾಗಿ ಒಣಗಿದ ಮೇಲೆ ನಾನು ಒಳಗಿನಿಂದ ನನ್ನ ಹಳೆಯ ಸೀಮೆಸುಣ್ಣಗಳನ್ನು ತಂದು ಪುಡಿಮಾಡಿ, ಸಂಶಯವಿದ್ದ ಸಂದುಗಳ ಮೇಲೆ ತೆಳ್ಳಗೆ ಉದುರಿಸಿದೆನು. (ಬೆಲ್ಟಿನ ಮೇಲಾಗಲಿ ಎಂಜಿನು ಗಾಳಿಯನ್ನು ಸೆಳೆಯುವ ಬಾಯಿಯ ಹತ್ತಿರವಾಗಲಿ ಪುಡಿ ಬೀಳಕೂಡದು. ಮಕ್ಕಳ ಮೈಗೆ ಹಾಕುವ ಪೌಡರಾದರೂ ನಡೆಯುತ್ತದೆ.) ಅನಂತರ ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿಕೊಂಡು ಬಂದು ಬ್ಯಾಟರಿಯ ಬೆಳಕಿನಲ್ಲಿ ನೋಡಿದರೆ, ಬಿಳಿಯ ಪುಡಿಯ ಮೇಲೆ ಕರಿಯ ಗೆರೆಯೊಂದು ಮೇಲಿನ ಮುಚ್ಚಳದ ಹಿಂದಿನ ಮೂಲೆಯಿಂದ ಸ್ಪಷ್ಟವಾಗಿ ಇಳಿದಿತ್ತು. ಇಂತಹ ಪರೀಕ್ಷೆಯಲ್ಲಿ ನೋಡತಕ್ಕದ್ದು ಒದ್ದೆಯಾದ ಸ್ಥಳಗಳಲ್ಲೆಲ್ಲ ಅತ್ಯಂತ ಮೇಲಿನದು ಯಾವುದೆಂಬುದನ್ನು. ಎಣ್ಣೆಯು ತಾನಾಗಿ ಮೇಲಕ್ಕೆ ಹರಿಯಲಾರದಷ್ಟೆ. ದೊಡ್ಡ ಕಾರ್ಖಾನೆಗಳಲ್ಲಿ ಎಣ್ಣೆಗೆ ಒಂದು ಬಗೆಯ ಬಣ್ಣವನ್ನು ಬೆರೆಸಿ ನೇರಳಾತೀತ ದೀಪದಲ್ಲಿ ಹೊಳೆಯುವ ಜಾಡನ್ನು ನೋಡುವರು. ತತ್ತ್ವವು ಒಂದೇ.

ಬಿದ್ದದ್ದೆಲ್ಲ ಎಂಜಿನಿನ ಎಣ್ಣೆಯೇ ಎಂದೂ ತಿಳಿಯಬಾರದು. ರಾತ್ರಿ ಗಾಡಿಯ ಅಡಿಯಲ್ಲಿ ಒಂದು ಬಿಳಿಯ ರಟ್ಟನ್ನು ಹಾಸಿ ಬೆಳಿಗ್ಗೆ ನೋಡಿದರೆ ಅರ್ಧ ಜ್ಞಾನ ಬರುವುದು. ಕಂದು ಅಥವಾ ಕರಿಯ ಜಿಡ್ಡಾದರೆ ಎಂಜಿನಿನದು. ಹಸಿರು ಅಥವಾ ಗುಲಾಬಿ ಬಣ್ಣದ ನೀರಾದರೆ ರೇಡಿಯೇಟರಿನದು. ಕಾರಿನ ತಂಪುಯಂತ್ರದಿಂದ ಬೀಳುವುದು ಬರಿಯ ನೀರು. ಗಾಲಿಗಳ ಹತ್ತಿರ ತಿಳಿಬಣ್ಣದ ಜಾರು ದ್ರವವನ್ನು ಕಂಡರೆ ಅದು ಬ್ರೇಕಿನದಾಗಿರಬಹುದು. ಆಗ ಗಾಡಿಯನ್ನು ಹೊರಡಿಸಲೇ ಕೂಡದು.

ಅಳಿಯನಿಗೆ ಮಾನ್ವಿಯಲ್ಲಿ ಒಬ್ಬ ಮಿಸ್ತ್ರಿಯ ಪರಿಚಯವಿತ್ತು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಅಳತೆಯ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಿಕೊಂಡು, ಒಂದು ಲೀಟರು ಎಣ್ಣೆಯನ್ನೂ ಜತೆಗೆ ಇಟ್ಟುಕೊಂಡು ಕಲ್ಲೂರಿನ ಮೇಲಿನಿಂದ ಹೊರಟೆವು. ಮಾನ್ವಿಯೆಂದರೆ ಜಗನ್ನಾಥದಾಸರ ಊರು. ಅವರ ಸನ್ನಿಧಿಗೆ ನಮಸ್ಕರಿಸದೆ ಅಲ್ಲಿ ಮತ್ತೊಂದು ಕೆಲಸಕ್ಕೆ ಕೈಹಚ್ಚುವ ರೂಢಿ ನಮ್ಮ ಮನೆಯಲ್ಲಿಲ್ಲ. ಮಿಸ್ತ್ರಿಯು ತುಂಗಭದ್ರೆಯ ಎಡದಂಡೆಯ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳಲ್ಲಿ ಕೆಲಸಮಾಡುವ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿ ನುರಿತವನು. ಅವನು ಮೊದಲು ಮಾಡಿದ ಕೆಲಸ ನನಗೆ ಹಿಡಿಸಿತು. ಎಂಜಿನು ನಡೆಯುತ್ತಿರುವಾಗಲೇ ಎಣ್ಣೆ ಹೊಯ್ಯುವ ಬಾಯಿಯ ಬಿರಡೆಯನ್ನು ತೆಗೆದು ಅಂಗೈಯನ್ನು ಹಿಡಿದು ನೋಡಿದನು.

“ಒಳಗಿನ ಗಾಳಿ ಜೋರು ಹೊಡದ್ರ ರಿಂಗು ಸವದಾವಂತ ಅರ್ಥ್ರೀ, ಮಾಸ್ತರ್ರ. ಆಗ ನಾ ಎಷ್ಟು ಪ್ಯಾಕಿಂಗ್ ಹಾಕಿದ್ರೂ ನಿಲ್ಲಂಗಿಲ್ಲ, ಎಂಜಿನ್ನೇ ಬಿಚ್ಚಬೇಕು. ಇದ್ರಾಗ ಹಂಗಿಲ್ಲ,” ಎಂದನು.

ಅನಂತರ ಬ್ರೀದರ್ ಪೈಪನ್ನು ಕಿತ್ತು ತೋರಿಸಿದನು. ಎಂಜಿನಿನ ಒಳಗಿನ ಗಾಳಿಯು ಹೊರಕ್ಕೆ ಹೋಗಲು ಇರುವ ಆ ಕೊಳವೆ ಧೂಳು ಜಿಡ್ಡುಗಳಿಂದ ಮುಕ್ಕಾಲು ಮುಚ್ಚಿಹೋಗಿತ್ತು. ದಾರಿ ಕಾಣದ ಗಾಳಿಯು ಬಿರಿದ ಪ್ಯಾಕಿಂಗಿನ ಸಂದಿಯಲ್ಲಿ ಎಣ್ಣೆಯನ್ನು ನೂಕುತ್ತಿತ್ತು. ಕೊಳವೆಯನ್ನು ಶುದ್ಧಮಾಡಿ, ಹೊಸ ಪ್ಯಾಕಿಂಗನ್ನು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸಮವಾಗಿ ಬಿಗಿದನು. ಅಂಟನ್ನು ಮೆತ್ತುವುದಿಲ್ಲವೇ ಎಂದು ಅಳಿಯನು ಕೇಳಿದ್ದಕ್ಕೆ ನಕ್ಕುಬಿಟ್ಟನು. ಹೆಚ್ಚಾಗಿ ಮೆತ್ತಿದ ಅಂಟು ಚೂರಾಗಿ ಒಳಗೆ ಬಿದ್ದು ಪಂಪಿನ ಜಾಲರಿಯನ್ನು ಕಟ್ಟಿಬಿಡುವುದಂತೆ. ಸೋರಿಕೆ ನಿಂತು ಎಂಜಿನೂ ನಿಂತೀತು. ಒಟ್ಟು ತೆಗೆದುಕೊಂಡದ್ದು 1,150 ರೂಪಾಯಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಪಟ್ಟಣದವನು ಮೋಸಗಾರ, ಮಾನ್ವಿಯವನು ಧರ್ಮಾತ್ಮ ಎಂದು ಬರೆದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಹಾಗಾಗಲಿಲ್ಲ. ನಾಲ್ಕನೆಯ ದಿವಸ ಅಳಿಯನು ದೇವದುರ್ಗದಿಂದ ಫೋನು ಮಾಡಿ, ರಟ್ಟಿನ ಮೇಲೆ ಮತ್ತೆ ರೂಪಾಯಿ ನಾಣ್ಯದಷ್ಟು ಕಲೆ ಬಿದ್ದಿದೆಯೆಂದನು. ಮೇಲಿನದೆಲ್ಲ ಒಣಗಿತ್ತು, ಸಂದಿನಿಂದ ಮಾತ್ರ ಒಂದೊಂದು ತೊಟ್ಟು. ಹಿಂದಿನ ಸೀಲೂ ಸವೆದೇ ಇತ್ತು! ಚೀಟಿಯವನ ಊಹೆ ಪೂರಾ ನಿರಾಧಾರವಾಗಿರಲಿಲ್ಲ. ದೊಡ್ಡ ಸೋರಿಕೆಯೂ ಚಿಕ್ಕ ಸೋರಿಕೆಯೂ ಬೆರೆತಿದ್ದುದನ್ನು ಅವನು ಬಿಡಿಸಿ ನೋಡಿರಲಿಲ್ಲ, ಅಷ್ಟೆ. ನಾನು ಒಳಗೊಳಗೇ ಸ್ವಲ್ಪ ನಾಚಿದೆನೆಂದು ಒಪ್ಪಿಕೊಳ್ಳುತ್ತೇನೆ.

ಈಗ ಪ್ರಶ್ನೆ ಬೇರೆಯಾಯಿತು: ಒಂದು ತೊಟ್ಟಿಗಾಗಿ ಸುಗ್ಗಿಯ ನಡುವೆ ಗಾಡಿಯನ್ನು ನಿಲ್ಲಿಸಬೇಕೆ? ಕಡ್ಡಿಯ ಮಟ್ಟವನ್ನು ದಿನವೂ ನೋಡಿ ಬರೆದಿಡಲು ಹೇಳಿದೆನು. ಹದಿನೈದು ದಿವಸಗಳಲ್ಲಿ ಮಟ್ಟವು ಇಳಿದದ್ದು ಕಣ್ಣಿಗೆ ಕಂಡೂ ಕಾಣದಷ್ಟು. ಹಾಗಿರುವಾಗ ಕಾಯಬಹುದು. ಕಾಯಬಾರದ ಸಂದರ್ಭಗಳೂ ಉಂಟು. ಬಿಸಿಯಾದ ಹೊಗೆಕೊಳವೆಯ ಮೇಲೆ ಎಣ್ಣೆ ಬಿದ್ದು ವಾಸನೆ ಬರುತ್ತಿದ್ದರೆ ಬೆಂಕಿಯ ಭಯ. ಕ್ಲಚ್ಚಿಗೆ ಎಣ್ಣೆ ತಾಗಿ ಜಾರತೊಡಗಿದರೆ ಭಾರದ ಗಾಡಿಗೆ ಏರಿನಲ್ಲಿ ಅಪಾಯ. ಎಣ್ಣೆಯ ಕೆಂಪುದೀಪ ಹತ್ತಿಕೊಂಡರೆ ಮುಂದಿನ ಊರಿನವರೆಗೆ ಹೋಗೋಣವೆನ್ನದೆ ಆ ಕ್ಷಣವೇ ಎಂಜಿನನ್ನು ನಿಲ್ಲಿಸತಕ್ಕದ್ದು.

ಯುಗಾದಿಯ ಹೊತ್ತಿಗೆ ಬಾಡಿಗೆ ತೆಳುವಾಯಿತು. ಗೇರುಪೆಟ್ಟಿಗೆಯನ್ನು ಇಳಿಸಲು ಮಾನ್ವಿಯ ಮಿಸ್ತ್ರಿಯ ಹತ್ತಿರ ತಕ್ಕ ಸಲಕರಣೆಗಳಿರಲಿಲ್ಲ. ಅದನ್ನು ಅವನೇ ಹೇಳಿದನು. ಆದುದರಿಂದ ಮೊದಲಿನ ರಾಯಚೂರಿನ ಕಾರ್ಖಾನೆಗೇ ನಾನು ಅಳಿಯನ ಜತೆಗೆ ಹೋದೆನು. ಜಗಳವಾಡಲಿಲ್ಲ. ಎಣ್ಣೆ ಎಲ್ಲಿಂದ ಬರುತ್ತಿದೆಯೆಂದು ಲಿಫ್ಟಿನ ಮೇಲೆ ಏರಿಸಿ ತೋರಿಸಬೇಕೆಂದೂ, ಬಿಡಿಭಾಗಗಳ ಹೆಸರು ಬೆಲೆಗಳನ್ನು ಒಂದೊಂದಾಗಿಯೂ ಕೂಲಿಯನ್ನು ಬೇರೆಯಾಗಿಯೂ ಬರೆಯಬೇಕೆಂದೂ, ಕಂಪನಿಯ ಮಾಲೋ ಬೇರೆಯದೋ ಎಂದು ಕಾಣಿಸಬೇಕೆಂದೂ, ತೆಗೆದ ಹಳೆಯ ಭಾಗಗಳನ್ನು ನಮಗೆ ಕೊಡಬೇಕೆಂದೂ, ಹೆಚ್ಚಿನ ಕೆಲಸ ಕಂಡುಬಂದರೆ ಕೇಳದೆ ಮಾಡಕೂಡದೆಂದೂ, ಪುನಃ ಅಲ್ಲಿಂದಲೇ ಸೋರಿದರೆ ಎಷ್ಟು ದಿವಸದವರೆಗೆ ಕೂಲಿಯಿಲ್ಲದೆ ಸರಿಪಡಿಸುವರೆಂಬುದನ್ನು ಬರೆದು ಸಹಿಮಾಡಬೇಕೆಂದೂ ಕೇಳಿದೆನು. ಕಾರ್ಖಾನೆಯವನು ಮೊದಲು ಹುಬ್ಬನ್ನು ಗಂಟಿಕ್ಕಿದರೂ ಬರೆಯತೊಡಗಿದ ಮೇಲೆ ತಾನೇ ಮೃದುವಾದನು. ಬರೆಯುತ್ತ ಹೋದಂತೆ, ಈ ಗಾಡಿಯಲ್ಲಿ ಎಂಜಿನನ್ನು ಇಳಿಸುವ ಅಗತ್ಯವಿಲ್ಲ, ಗೇರುಪೆಟ್ಟಿಗೆಯೊಂದೇ ಸಾಕೆಂದು ಅವನ ಬಾಯಿಂದಲೇ ಬಂದಿತು. ಹಿಂದಿನ 18,500 ರಲ್ಲಿ ಎಂಜಿನನ್ನು ಇಳಿಸುವ ಕೂಲಿಯೂ ಹೆಡ್ಡಿನ ಪ್ಯಾಕಿಂಗೂ ಸೇರಿದ್ದುವಂತೆ.

ಹೊಸ ಪಟ್ಟಿ ಹೀಗಿತ್ತು: ಹಿಂದಿನ ಸೀಲಿಗೆ 650, ಕ್ಲಚ್ಚಿನ ಸಾಮಾನಿಗೆ 4,800, ಗೇರಿನ ಎಣ್ಣೆಗೆ 550, ಕೂಲಿ 3,200, ಒಟ್ಟು 9,200, ಅದರ ಮೇಲೆ ತೆರಿಗೆ 1,656. ಸೀಲಿನ ಕೆಲಸದಲ್ಲಿ ಕ್ಲಚ್ಚು ಏಕೆ ಎಂದು ವಾಚಕರು ಕೇಳಬಹುದು, ನಾನೂ ಕೇಳಿದೆನು. ಗೇರುಪೆಟ್ಟಿಗೆಯನ್ನು ಇಳಿಸಿದಾಗ ಕ್ಲಚ್ಚು ಕಣ್ಣೆದುರಿಗೇ ಇರುತ್ತದೆ. ಸವೆದಿದ್ದರೆ ಆಗಲೇ ಬದಲಾಯಿಸಿದಲ್ಲಿ ಕೂಲಿ ಒಂದೇ. ಆರು ತಿಂಗಳ ಮೇಲೆ ಮಾಡಿಸಿದರೆ ಅದೇ 3,200 ನ್ನು ಎರಡನೆಯ ಸಲ ತೆರಬೇಕು. ಬಿಚ್ಚಿದ ತಟ್ಟೆಯನ್ನು ತೋರಿಸಿದನು. ರಿವೆಟ್ಟುಗಳ ತಲೆಯವರೆಗೆ ಸವೆದಿತ್ತು. ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು: 2025 ರ ಸೆಪ್ಟೆಂಬರ್ 22 ರಿಂದ ಮೋಟಾರಿನ ಬಿಡಿಭಾಗಗಳಿಗೆ ಹಿಂದಿನ ನೂರಕ್ಕೆ 28 ಹೋಗಿ 18 ಆಗಿದೆ, ರಿಪೇರಿಯ ಕೂಲಿಗೂ 18 ರ ದರವೇ. ಹಳೆಯ ದರವನ್ನು ಹಾಕಿದ್ದರೆ ಕೇಳಬೇಕು. ಕೇಳಿಯೂ ನ್ಯಾಯ ದೊರೆಯದಿದ್ದರೆ 1915 ಎಂಬ ಗ್ರಾಹಕರ ಸಹಾಯವಾಣಿಯೂ, 2019 ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗವೂ ಉಂಟು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಅಲ್ಲಿಯೂ ಮೊದಲು ಕೇಳುವುದು ಬರೆದ ಪಟ್ಟಿಯನ್ನೂ ರಸೀತಿಯನ್ನೂ.

ಎರಡು ಕೆಲಸಗಳಿಗೂ ಸೇರಿ ಖರ್ಚಾದದ್ದು 12,006 ರೂಪಾಯಿ. ಸುಗ್ಗಿಯ ಬಾಡಿಗೆಯಿಂದಲೇ ಅದು ಹೊರಟುಹೋಯಿತು. ಹಳೆಯ ಸೀಲನ್ನು ಅಳಿಯನು ನನಗೆ ತಂದುಕೊಟ್ಟನು. ಬೆರಳಿನಿಂದ ಒತ್ತಿದರೆ ಬಾಗದೆ ಹಪ್ಪಳದಂತೆ ಮುರಿಯುತ್ತದೆ. ಅದೀಗ ನನ್ನ ಮೇಜಿನ ಮೇಲೆ ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿದೆ. ಮೊನ್ನೆ ದೇವದುರ್ಗಕ್ಕೆ ಹೋಗಿದ್ದಾಗ ಅಳಿಯನ ಹೆಂಡತಿ ಕೈತುಂಬ ಬಿಲ್ವಾರ ತೊಟ್ಟು ಹೋಳಿಗೆ ಬಡಿಸಿದಳು. ಗಾಡಿಯ ಅಡಿಯಲ್ಲಿ ಆ ರಟ್ಟು ಇನ್ನೂ ಹಾಸಿಯೇ ಇತ್ತು. ಬಗ್ಗಿ ನೋಡಿದೆನು, ಬೆಳ್ಳಗಿತ್ತು.